ಆಯಿಗೆ ಸಮುದ್ರ ತೋರಿಸುವ ಲೆಕ್ಕ

ಮಾಸೂರಿನ ನಮ್ಮ ಹಿತ್ತಿಲಿಗೂ ಪಕ್ಕದ ಮನೆಯ ಹಿತ್ತಿಲಿಗೂ ನಡುವೆ ದಾಸವಾಳದ ಬೇಲಿ. ಎದೆಮಟ್ಟ ಬೆಳೆದಿದೆ, ಮಾತಿಗೆ ಅಡ್ಡಿಯಿಲ್ಲ. ಮೊನ್ನೆ ನಾನು ಅರಿವೆ ಒಣಹಾಕುತ್ತಿದ್ದಾಗ ಆ ಕಡೆಯ ಅಕ್ಕಾರು ಫೋನನ್ನೇ ಬೇಲಿಯ ಮೇಲಿಂದ ಚಾಚಿದರು. "ಇಲ್ಲೆ ನೋಡ್ರಿ, ನಮ್ಮ ಅಳಿಯಂದ್ರು ಕಳಿಸ್ಯಾರ."

ಅಳಿಯಂದಿರು ಇರುವುದು ಕೊರಿಯಾದ ಸೋಲ್ ನಗರದಲ್ಲಿ. ರಜೆಯ ದಿನ ಹೆಂಡತಿ ಮಗುವಿನೊಂದಿಗೆ ವೊಲ್ಮಿದೊ ಎಂಬಲ್ಲಿಗೆ ಹೋಗಿದ್ದರಂತೆ. ಹಿಂದೆ ಅದು ದ್ವೀಪ, ಈಗ ಇಂಚಿಯಾನ್ ಊರಿಗೆ ಕೂಡಿಕೊಂಡ ಸಮುದ್ರದಂಡೆ. 1950ರ ಸೆಪ್ಟೆಂಬರಿನಲ್ಲಿ ಅಮೆರಿಕದ ಸೈನ್ಯ ಇಂಚಿಯಾನಿನಲ್ಲಿ ಇಳಿದಾಗ ಮೊದಲು ಕಾಲಿಟ್ಟದ್ದು ಅಲ್ಲೇ. ಇವತ್ತು ಅಲ್ಲಿ ದೊಡ್ಡ ತೊಟ್ಟಿಲು, ತೂಗುವ ಹಡಗು, ಮಕ್ಕಳ ಕೇಕೆ. 2019ರಲ್ಲಿ ಸುರುವಾದ ಪುಟ್ಟ ರೈಲೊಂದು ಕಂಬಗಳ ಮೇಲೆ ಸುಮಾರು 6 ಕಿಲೋಮೀಟರ್ ಸುತ್ತು ಹಾಕಿ ಸಮುದ್ರ ತೋರಿಸುತ್ತದೆ. ಸೋಲ್‌ನಿಂದ ನಗರದ ರೈಲು ಹತ್ತಿದರೆ ಅದರ ಕೊನೆಯ ನಿಲ್ದಾಣವೇ ಇಂಚಿಯಾನ್. ಬೆಳಗ್ಗೆ ಹೋಗಿ ಸಂಜೆ ಮನೆಗೆ.

ಅಕ್ಕಾರ ಹಿಂದೆ ಕಟ್ಟೆಯ ಮೇಲೆ ಅವರ ಅತ್ತಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ನಾವೆಲ್ಲ ಅವರಿಗೆ ಆಯಿ ಅನ್ನುತ್ತೇವೆ, ವಯಸ್ಸು ಎಂಬತ್ತರ ಹತ್ತಿರ. ತಲೆ ಎತ್ತದೆ ಅಂದರು: "ನಾ ಇನ್ನೂ ಸಮುದ್ರ ನೋಡಿಲ್ಲ ನೋಡವ್ವ."

ನನ್ನ ಕೈಯಲ್ಲಿದ್ದ ಅರಿವೆ ಹಾಗೇ ಉಳಿಯಿತು. ಎಂಬತ್ತು ವರ್ಷ ಮದಗದ ಕೆರೆಯನ್ನೇ ದೊಡ್ಡ ನೀರು ಅಂದುಕೊಂಡ ಜೀವ. ಎರಡು ಗುಡ್ಡಗಳ ನಡುವೆ ಕುಮುದ್ವತಿಯನ್ನು ತಡೆದು ನಿಲ್ಲಿಸಿದ ಆ ಕೆರೆ ಕೋಡಿ ಬಿದ್ದರೆ ಸುತ್ತಿನ ಹಳ್ಳಿಗಳೆಲ್ಲ ನೋಡಲು ಓಡುತ್ತವೆ. ಆದರೆ ಕೆರೆಗೆ ಆಚೆ ದಂಡೆ ಇದೆ. ಆಚೆ ದಂಡೆಯಿಲ್ಲದ ನೀರನ್ನು ಆಯಿ ನೋಡಬೇಡವೇ?

ಅಲ್ಲಿಂದ ಬೇಲಿಯ ಎರಡೂ ಬದಿ ಸೇರಿ ನಾಲ್ಕು ದಿನ ಇದೇ ಮಾತು. ಮಾಸೂರಿಂದ ಶಿಕಾರಿಪುರ, ಆನಂದಪುರ, ಸಾಗರ, ತಾಳಗುಪ್ಪ, ಮಾವಿನಗುಂಡಿ, ಗೇರುಸೊಪ್ಪೆ, ಹೊನ್ನಾವರ. 150 ಕಿಲೋಮೀಟರ್ ಮೀರುತ್ತದೆ, ನಾಲ್ಕು ತಾಸು ಹಿಡಿಯಬೇಕು. ಕೊರಿಯಾದ ರೈಲು ಸಮುದ್ರದ ಬಾಯಿಗೇ ಒಯ್ದು ಬಿಡುತ್ತದೆ. ನಮ್ಮ ಕಡೆಯ ರೈಲು ತಾಳಗುಪ್ಪಕ್ಕೆ ಬಂದು ನಿಂತುಬಿಡುತ್ತದೆ. ಕೊಂಕಣ ರೈಲು ಕೆಳಗೆ ದಂಡೆಗುಂಟ ಓಡುತ್ತದೆ, ಮೇಲಿನದಕ್ಕೂ ಕೆಳಗಿನದಕ್ಕೂ ನಡುವೆ ಘಾಟಿ.

ಅಕ್ಕಾರು ಮೊದಲು ಬಸ್ಸು ಅಂದರು. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಪುಕ್ಕಟೆ, ಆಧಾರ್ ಕಾರ್ಡ್ ಇದ್ದರೆ ಸಾಕು. ಅದರಿಂದ ನಮ್ಮ ಓಣಿಯ ಎಷ್ಟೋ ಮಂದಿ ಊರು ಕಂಡಿದ್ದಾರೆ, ನಾನೂ ಕಂಡಿದ್ದೇನೆ. ಆದರೆ ಶಿಕಾರಿಪುರದಲ್ಲಿ ಒಮ್ಮೆ, ಸಾಗರದಲ್ಲಿ ಒಮ್ಮೆ, ಹೊನ್ನಾವರದಲ್ಲಿ ಮತ್ತೊಮ್ಮೆ ಇಳಿದು ಹತ್ತುವುದು ಆಯಿಯ ಮೊಣಕಾಲಿಗೆ ಆಗದ ಮಾತು. ಕ್ರೂಸರ್ ಗಾಡಿಯೇ ಸೈ ಅಂತ ತೀರ್ಮಾನವಾಯಿತು. ಎರಡು ಮನೆ ಕೂಡಿ ಹನ್ನೊಂದು ಮಂದಿ. ಗೋವಿನಜೋಳದ ಒಕ್ಕಲು ಮುಗಿದ ಮೇಲೆ, ಡಿಸೆಂಬರಿನಲ್ಲಿ, ರವಿವಾರ ಬಿಟ್ಟು.

ಅಷ್ಟೊತ್ತಿಗೆ ಅಕ್ಕಾರ ಮೈದುನ, ನಾವೆಲ್ಲ ಕಾಕಾ ಅನ್ನುವವರು, ಒಂದು ಕಾಗದ ಹಿಡಿದು ಬಂದರು. ಇಕ್ಕೇರಿ, ಕೆಳದಿ, ಜೋಗ, ಗೇರುಸೊಪ್ಪೆಯ ಚತುರ್ಮುಖ ಬಸದಿ, ಇಡಗುಂಜಿ, ಅಪ್ಸರಕೊಂಡ, ಮುರ್ಡೇಶ್ವರ. ಮಕ್ಕಳು ಹಿಂದಿನಿಂದ ಕಾರವಾರದ ಯುದ್ಧನೌಕೆಯನ್ನೂ ಸೇರಿಸಿದ್ದರು. "ಹ್ಯಾಂಗೂ ಗಾಡಿ ಬಾಡಿಗಿ ಕೊಡ್ತೇವಿ, ಎಲ್ಲಾ ನೋಡ್ಕೊಂಡ ಬರೂಣು" ಅಂದರು ಕಾಕಾ.

ನಾನು ಬೇಲಿಯ ಈಚೆಯಿಂದಲೇ ಬೇಡ ಅಂದೆ. ಧ್ವನಿ ಸ್ವಲ್ಪ ಏರಿತು. ಏರಿದ್ದಕ್ಕೆ ಕಾರಣ ಹೇಳಬೇಕಾಯಿತು.

ನಮ್ಮವ್ವನನ್ನು ಒಮ್ಮೆ ಹೀಗೇ ಒಂದು ದಿನದ ಪ್ರವಾಸಕ್ಕೆ ಕರೆದುಕೊಂಡು ಹೋಗಿದ್ದೆವು. ಆರು ಕಡೆ ಇಳಿದು, ಆರು ಕಡೆ ಕೈಮುಗಿದು, ಸಮುದ್ರದ ದಂಡೆ ಮುಟ್ಟುವಾಗ ರಾತ್ರಿ ಎಂಟಾಗಿತ್ತು. ಅಮಾವಾಸ್ಯೆಯ ಆಜುಬಾಜು, ಕಣ್ಣಿಗೆ ಏನೂ ಇಲ್ಲ. ಅವ್ವ ಕತ್ತಲೆಯ ಕಡೆ ಮುಖ ಮಾಡಿ ನಿಂತು "ಎಷ್ಟ ಸಪ್ಪಳ ಮಾಡ್ತತಿ" ಅಂದಳು. ಹತ್ತು ನಿಮಿಷಕ್ಕೆ ಡ್ರೈವರ್ ಹಾರ್ನ್ ಹೊಡೆದ. ಮುಂದಿನ ಸಲ ಹಗಲಿಗೇ ಬರೋಣ ಅಂದುಕೊಂಡೆವು. ಆ ಮುಂದಿನ ಸಲ ಬರಲಿಲ್ಲ. ನಮ್ಮವ್ವ ಸಮುದ್ರವನ್ನು ಕೇಳಿದಳು, ನೋಡಲಿಲ್ಲ.

ಕಾಕಾ ಕಾಗದವನ್ನು ನನ್ನ ಕೈಗೇ ಕೊಟ್ಟರು.

ಒಂದೊಂದೇ ಹೆಸರು ಹೊಡೆದು ಹಾಕಿದೆ. ಇಕ್ಕೇರಿ ಕೆಳದಿಗಳಿಗೆ ಬೇರೆ ದಿನ ಬೇಕು, ಗೇರುಸೊಪ್ಪೆಯ ಬಸದಿ ನೋಡುವವರು ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿಯ ಕಥೆ ಕೇಳಿಕೊಂಡು ನಿಧಾನಕ್ಕೆ ನೋಡಬೇಕು. ಜೋಗ ಡಿಸೆಂಬರಿನಲ್ಲಿ ತೆಳ್ಳಗಾಗಿರುತ್ತದೆ. ಕಾರವಾರ ಇನ್ನೂ ಎರಡು ತಾಸು ಬಡಗಣಕ್ಕೆ. ಉಳಿದದ್ದು ಎರಡು: ಬೆಳಗ್ಗೆ ಕಾಸರಕೋಡು, ಮಧ್ಯಾಹ್ನದಿಂದ ಮುರ್ಡೇಶ್ವರ.

ಕಾಸರಕೋಡು ಅಂದರೆ ಕೇರಳದ ಗಡಿಯ ಕಾಸರಗೋಡಲ್ಲ. ಹೊನ್ನಾವರದಲ್ಲಿ ಶರಾವತಿಯ ಸೇತುವೆ ದಾಟಿದರೆ ಸಿಗುವ ಊರು. ಅಲ್ಲಿಯ ದಂಡೆಗೂ ಉಡುಪಿ ಜಿಲ್ಲೆಯ ಪಡುಬಿದ್ರಿಗೂ 2020ರಲ್ಲಿ ಬ್ಲೂ ಫ್ಲಾಗ್ ಮನ್ನಣೆ ಸಿಕ್ಕಿತು. ನೀರಿನ ಶುದ್ಧಿ, ಜೀವರಕ್ಷಕರು, ಶೌಚಾಲಯ, ಅರಿವೆ ಬದಲಿಸುವ ಕೋಣೆ, ನಡೆಯಲಾರದವರಿಗೆ ಅನುಕೂಲ ಹೀಗೆ 33 ಅಂಶ ನೋಡಿ ಕೊಡುವ ಮನ್ನಣೆ ಅದು. ಆಯಿಯಂಥವರನ್ನು ಕರೆದೊಯ್ಯುವಾಗ ಶೌಚಾಲಯಕ್ಕಿಂತ ದೊಡ್ಡ ಪ್ರೇಕ್ಷಣೀಯ ಸ್ಥಳವಿಲ್ಲ, ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ಹೆಣ್ಣುಮಕ್ಕಳು ದಾರಿಯುದ್ದಕ್ಕೂ ನೀರು ಕುಡಿಯದೆ ಕೂರುವುದು ಎಲ್ಲ ಪ್ರವಾಸಗಳಲ್ಲೂ ನಡೆಯುವ ಹಿಂಸೆ. ಬೆಳಗ್ಗೆ ಹೋಗುವುದರ ಲಾಭ ಇನ್ನೊಂದು. ಪಡುವಣ ದಂಡೆಯಲ್ಲಿ ಆಗ ಬಿಸಿಲು ಬೆನ್ನಿಗಿರುತ್ತದೆ, ನೀರು ಕಣ್ಣಿಗೆ ಚುಚ್ಚುವುದಿಲ್ಲ, ಉಸುಕು ಕಾದಿರುವುದಿಲ್ಲ.

ಮಾತು ನೀರಿಗಿಳಿಯುವ ವಿಷಯಕ್ಕೆ ಬಂತು. ಅಕ್ಕಾರ ದೊಡ್ಡ ಮೊಮ್ಮಗ ಮದಗದಲ್ಲಿ ಈಜು ಕಲಿತವನು. "ನಂಗ ಈಜು ಬರ್ತತಿ" ಅಂದ. ಇಲ್ಲಿ ನಾನು ಅವನನ್ನು ಕೂರಿಸಿಕೊಂಡೇ ಹೇಳಿದೆ. 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರದ ದಂಡೆಯಲ್ಲಿ ಕೋಲಾರ ಜಿಲ್ಲೆಯಿಂದ ಶಾಲೆಯ ಪ್ರವಾಸಕ್ಕೆ ಬಂದ ನಾಲ್ವರು ಹುಡುಗಿಯರು ತೀರಿಕೊಂಡರು. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ. ಕೆರೆಯ ನೀರು ನಿಂತ ನೀರು, ನಿನ್ನನ್ನು ಎಳೆಯುವುದಿಲ್ಲ. ಸಮುದ್ರದಲ್ಲಿ ದಂಡೆಗೆ ಬಂದ ಅಲೆಗಳ ನೀರೆಲ್ಲ ಹಿಂದಕ್ಕೆ ಹೋಗಲು ಒಂದು ಓಣಿ ಮಾಡಿಕೊಳ್ಳುತ್ತದೆ. ಎರಡು ಕಡೆ ಅಲೆ ಒಡೆಯುತ್ತಿದ್ದು ನಡುವೆ ಒಂದು ಜಾಗ ಮಾತ್ರ ಶಾಂತವಾಗಿ ಕಂಡರೆ ಅದೇ ಆ ಓಣಿ ಇರಬಹುದು. ಶಾಂತ ಇದೆ ಅಂತ ಮಂದಿ ಅಲ್ಲೇ ಇಳಿಯುತ್ತಾರೆ. ಎಳೆತಕ್ಕೆ ಸಿಕ್ಕರೆ ದಂಡೆಯ ಕಡೆಗೆ ನೇರ ಈಜಿ ದಣಿಯಬಾರದು, ದಂಡೆಗೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು ಎಳೆತದಿಂದ ಹೊರಗೆ ಬಂದಮೇಲೆ ತಿರುಗಬೇಕು. ಕೈ ಎತ್ತಿ ಕೂಗಬೇಕು. ಇಷ್ಟು ಹೇಳಿಯೂ ಕೊನೆಗೆ ನಾನು ಹಾಕಿದ ಕಟ್ಟು ಒಂದೇ: ಮೊಣಕಾಲಿನ ಮೇಲೆ ನೀರು ಬರಬಾರದು, ಜೀವರಕ್ಷಕ ಸೀಟಿ ಊದಿದರೆ ಎರಡನೇ ಸೀಟಿಗೆ ಕಾಯಬಾರದು. ಹುಡುಗ ತಲೆಯಾಡಿಸಿದ. ಅವನ ಅವ್ವ ಬೇಲಿಯ ಆಚೆ ಕಣ್ಣು ಒರೆಸಿಕೊಂಡಳು.

ಮುರ್ಡೇಶ್ವರದಲ್ಲಿ ಮಧ್ಯಾಹ್ನ ಕಳೆಯುವುದು ಸಲೀಸು. ಮೂರು ಕಡೆ ನೀರಿರುವ ಕಂದುಕಗಿರಿ, 123 ಅಡಿಯ ಶಿವ, 20 ಅಂತಸ್ತಿನ ರಾಜಗೋಪುರ. ಆ ಊರಿನವರೇ ಆದ ಆರ್. ಎನ್. ಶೆಟ್ಟರು ಕಟ್ಟಿಸಿದ್ದು. ಗೋಪುರದೊಳಗೆ ಲಿಫ್ಟ್ ಇದೆ. ಆಯಿಗೆ ಮೇಲಿನಿಂದ ಸಮುದ್ರ ಕಾಣಿಸಬಹುದು ಎಂಬುದೇ ಮುರ್ಡೇಶ್ವರವನ್ನು ನಾನು ಹೊಡೆದು ಹಾಕದಿರಲು ಕಾರಣ. ಮಕ್ಕಳಿಗೆ ಒಂಟೆ, ದೋಣಿ. ದೋಣಿ ಹತ್ತಿದರೆ ಜಾಕೆಟ್ ಕಟ್ಟಲೇಬೇಕು.

ಬುತ್ತಿಯ ಮಾತಿಗೆ ಬೇಲಿಯಲ್ಲಿ ಭಿನ್ನಾಭಿಪ್ರಾಯವೇ ಇಲ್ಲ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಎಣ್ಣೆಗಾಯಿ, ಮೊಸರು ಬುತ್ತಿ. ಮುಂಜಾನೆ ನಾಲ್ಕಕ್ಕೆ ಹೊರಟು ಸಾಗರದಲ್ಲಿ ಬರೀ ಚಹಾ. ಘಾಟಿ ಇಳಿಯುವ ಮುಂಚೆ ಹೊಟ್ಟೆ ತುಂಬಾ ತಿನ್ನಬಾರದು, ತಿರುವುಗಳಲ್ಲಿ ಮಕ್ಕಳು ವಾಂತಿ ಮಾಡಿಕೊಳ್ಳುತ್ತವೆ. ಆಯಿಗೆ ಮುಂದಿನ ಸೀಟು, ಕೈಯಲ್ಲೊಂದು ನಿಂಬೆಹಣ್ಣು.

ಮೂರನೇ ದಿನ ಆಯಿ ನನ್ನನ್ನು ಬೇಲಿಯ ಹತ್ತಿರ ಕರೆದು ಕೇಳಿದರು: "ನಮ್ಮ ಕುಮುದ್ವತಿ ನೀರೂ ಅದ ಸಮುದ್ರಕ್ಕ ಹೋಗ್ತತೇನವ್ವ?"

ಇಲ್ಲ ಅಂದೆ. ನಮ್ಮ ಹೊಳೆ ಹುಂಚದ ಕಡೆಯ ಬೆಟ್ಟದಲ್ಲಿ ಹುಟ್ಟಿ, ಮದಗ ತುಂಬಿ, ತುಂಗಭದ್ರೆ ಸೇರಿ, ಕೃಷ್ಣೆ ಸೇರಿ ಮೂಡಣ ಸಮುದ್ರಕ್ಕೆ ಹೋಗುತ್ತದೆ. ಶರಾವತಿ ಹುಟ್ಟುವುದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ. ಅದು ಪಡುವಣಕ್ಕೆ ತಿರುಗಿ, ಜೋಗದಲ್ಲಿ 830 ಅಡಿ ಧುಮುಕಿ, 128 ಕಿಲೋಮೀಟರಿನಲ್ಲೇ ಹೊನ್ನಾವರ ಮುಟ್ಟುತ್ತದೆ. ಆಯಿ ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು: "ಒಂದ ಮಲಿನಾಡಿನ ಅಕ್ಕತಂಗೇರು. ಒಬ್ಬಾಕಿನ್ನ ಮೂಡಣಕ್ಕ ಕೊಟ್ರು, ಒಬ್ಬಾಕಿನ್ನ ಪಡುವಣಕ್ಕ." ಆಮೇಲೆ ಕೇಳಿದರು, "ಅಲ್ಲೆ ಹೊತ್ತು ನೀರಾಗ ಮುಳುಗ್ತತಂತಲ್ಲ?"

ನನ್ನ ಲೆಕ್ಕವೆಲ್ಲ ತಲೆಕೆಳಗಾಯಿತು. ಬೆಳಕಿರುವಾಗಲೇ ಘಾಟಿ ಹತ್ತಬೇಕೆಂದು ಮೂರೂವರೆಗೆ ಹೊರಡುವುದನ್ನು ಬರೆದಿದ್ದೆ. ಡಿಸೆಂಬರಿನಲ್ಲಿ ಅಲ್ಲಿ ಹೊತ್ತು ಮುಳುಗುವುದು 6 ಗಂಟೆಯ ಸುಮಾರಿಗೆ. ನೋಡಿ ಹೊರಟರೆ ಮಾಸೂರು ಮುಟ್ಟುವಾಗ ಹನ್ನೊಂದು. ಡ್ರೈವರ್ ಮುಂಜಾನೆ ನಾಲ್ಕಕ್ಕೆ ಎದ್ದವನು, ರಾತ್ರಿ ಗೇರುಸೊಪ್ಪೆ ಘಾಟಿ ಹತ್ತಿಸಬೇಕು. ಅವನ ನಿದ್ದೆ ನಮ್ಮ ಹನ್ನೊಂದು ಜೀವದ ನಿದ್ದೆ. ಕಾಕಾ ದಾರಿ ತೋರಿಸಿದರು. ಮುಂಜಾನೆ ಮನೆಯಿಂದ ಹೊರಡುವುದು ನಾಲ್ಕರ ಬದಲು ಐದೂವರೆಗೆ. ಮುರ್ಡೇಶ್ವರ ಮುಟ್ಟಿದೊಡನೆ ಡ್ರೈವರಿಗೆ ಊಟ ಹಾಕಿ, ಮಧ್ಯಾಹ್ನ ಒಂದರಿಂದ ಐದರ ತನಕ ಒಂದು ಕೋಣೆ ಹಿಡಿದು ಮಲಗಿಸುವುದು, ಅದರ ಬಾಡಿಗೆ ಕಾಕಾ ಕೊಡುವುದು. ಆತನನ್ನು ಆ ನಾಲ್ಕು ತಾಸು ಯಾರೂ ಫೋನ್ ಮಾಡಿ ಎಬ್ಬಿಸಬಾರದು. ಕಾಸರಕೋಡಿನಲ್ಲಿ ಎರಡು ತಾಸು ಸಿಕ್ಕರೆ ಸಾಕು. ನಾನು ಒಪ್ಪಿದೆ. ಕಾಗದವನ್ನು ಮತ್ತೆ ಬರೆದೆ.

ನಿನ್ನೆ ಸಂಜೆ ಆಯಿಗೆ ಕೊನೆಯ ಒಂದು ಅನುಮಾನ. "ಆ ನೀರು ಬಾಯಿಗೆ ಹಾಕಾಕ ಬರೂದಿಲ್ಲಂತ, ಖರೇನ?"

"ಖರೇರಿ ಆಯಿ. ಒಂದು ಲೀಟರಿಗೆ 35 ಗ್ರಾಂ ಉಪ್ಪು ಇರ್ತತಿ."

"ಅಷ್ಟ ನೀರಿನ ಮುಂದ ಕುಂತು ನೀರಡಿಸ್ಕೊಂಡ್ರ ಹ್ಯಾಂಗ? ನಮ್ಮ ಮನಿ ನೀರ ಇರ್ಲಿ."

ಅಕ್ಕಾರು ಒಳಗಿನಿಂದ 20 ಲೀಟರಿನ ಕ್ಯಾನ್ ತಂದು ಕಲ್ಲಿನ ಮೇಲಿಟ್ಟು ತೊಳೆಯತೊಡಗಿದರು. ಹೊರಡಲು ಇನ್ನೂ ಹದಿನೆಂಟು ದಿನವಿತ್ತು.