ಕೆರೆ ಮೇಷ್ಟ್ರು

ಭಾನುವಾರ ಬೆಳಿಗ್ಗೆ ಆರಕ್ಕೆ ಗೇಟಿನ ಚಿಲಕ ಅಲ್ಲಾಡಿದರೆ ಅದು ಹಾಲಿನವನಲ್ಲ, ಕೆರೆ ಮೇಷ್ಟ್ರು. ಮೊಳಕಾಲುದ್ದದ ಗಂಬೂಟು, ತಲೆಗೆ ಮಂಕಿ ಟೋಪಿ, ಹೆಗಲಿಗೆ ಸುರುಳಿ ಸುತ್ತಿದ ಫ್ಲೆಕ್ಸು. "ಬನ್ನಿ ಸಾರ್, ಶ್ರಮದಾನ!" ಬೀದಿಯಲ್ಲಿ ಒಂದು ಕಿಟಕಿಯೂ ತೆರೆಯುವುದಿಲ್ಲ. "ಬಡಾವಣೆ ಹೆಸರಲ್ಲೇ 'ಬನ್ನಿ' ಇದೆ, ಕರೆದ್ರೆ ಒಬ್ರೂ ಬರಲ್ವಲ್ರೀ!" ಬನ್ನಿಮಂಟಪದಲ್ಲಿ ಈ ಜೋಕು ಕೇಳದ ಮನೆಯಿಲ್ಲ. ನಕ್ಕವರೂ ಇಲ್ಲ.

ಮೇಷ್ಟ್ರು ಭೂಗೋಳ ಹೇಳಿಕೊಡುತ್ತಿದ್ದವರು. ನಿವೃತ್ತರಾದ ಮೇಲೆ ತರಗತಿ ತಪ್ಪಿತು, ಪಾಠ ತಪ್ಪಲಿಲ್ಲ. ಅವರ ಸಲಿಕೆ, ಪಿಕಾಸಿ, ಬಾಂಡ್ಲಿ ಎಲ್ಲ ನಮ್ಮ ಹಿತ್ತಲಿನ ಕರಿಬೇವಿನ ಗಿಡದ ಬುಡದಲ್ಲಿವೆ. ಕೆಸರು ಮೆತ್ತಿದ್ದನ್ನು ಒಳಗೆ ತಂದರೆ ನೀವೂ ಹೊರಗೇ ಇರಿ ಎಂದು ಅವರ ಮನೆಯವರು ಹೇಳಿದ ದಿನ ತಂದಿಟ್ಟರು. "ಪಾಂಡವರು ಬನ್ನಿ ಮರದಲ್ಲಿ ಆಯುಧ ಇಟ್ಟಿರಲಿಲ್ವೇ?" ಪಾಂಡವರಾದರೋ ವರ್ಷ ತುಂಬುತ್ತಲೇ ಇಳಿಸಿಕೊಂಡು ಹೋದರು. ಇದು ನಾಲ್ಕನೇ ವರ್ಷ.

ನಮ್ಮ ಬೀದಿಯ ಕೊನೆಗಿರುವುದನ್ನು ನಾವೆಲ್ಲ ಮೋರಿ ಅನ್ನುತ್ತೇವೆ. ಮೇಷ್ಟ್ರ ಎದುರು ಹಾಗಂದರೆ ಅರ್ಧ ಗಂಟೆ ಹೋಯಿತು. "ಮೋರಿ ಅಲ್ಲ ಸ್ವಾಮಿ, ಮಳೆನೀರಿನ ಕಾಲುವೆ. ಮೈಸೂರು ಇರೋದು ದಿಣ್ಣೆ ಮೇಲೆ. ನಿಮ್ಮ ಬಚ್ಚಲ ನೀರು ಉತ್ತರಕ್ಕೆ, ಕೆಸರೆ ಕಡೆಯಿಂದ ಕಾವೇರಿಗೆ. ವಿದ್ಯಾರಣ್ಯಪುರಂನಲ್ಲಿರೋ ನಿಮ್ಮ ಷಡ್ಡಕರದ್ದು ದಕ್ಷಿಣಕ್ಕೆ, ಕಪಿಲೆಗೆ. ನೀವಿಬ್ಬರೂ ಮಾತು ಬಿಟ್ಟು ಎಷ್ಟು ವರ್ಷವಾದರೇನು, ತಿರುಮಕೂಡಲಿನಲ್ಲಿ ಸಂಗಮ ತಪ್ಪಿದ್ದಲ್ಲ!" ಅವತ್ತಿನಿಂದ ನರಸೀಪುರದಲ್ಲಿ ಮುಳುಗು ಹಾಕುವಾಗ ನನಗೆ ಷಡ್ಡಕನೇ ನೆನಪಾಗುತ್ತಾನೆ.

ಶ್ರಮದಾನಕ್ಕೆ ಹೋದರೆ ಕೆಲಸ ಮಾಡಿಸುತ್ತಾರೆಯೇ? ಸಲಿಕೆ ಎತ್ತುವಷ್ಟರಲ್ಲಿ ಲಿಂಗಾಂಬುಧಿ ಕೆರೆ ಬರುತ್ತದೆ, 1828. ಒಂದು ಬಾಂಡ್ಲಿ ತುಂಬುವಷ್ಟರಲ್ಲಿ ಕುಕ್ಕರಹಳ್ಳಿ ಕೆರೆ, 1864. ಎರಡೂ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು. ನಡುವೆ ಮಳವಳ್ಳಿ ತಾಲ್ಲೂಕು ದಾಸನದೊಡ್ಡಿಯ ಕಾಮೇಗೌಡರು. ಕುರಿ ಮೇಯಿಸಿಕೊಂಡೇ ಬೆಟ್ಟದಲ್ಲಿ ಕಟ್ಟೆ ಮೇಲೆ ಕಟ್ಟೆ ತೋಡಿದರು, 2020ರಲ್ಲಿ ಪ್ರಧಾನಿಯೇ ರೇಡಿಯೋದಲ್ಲಿ ಅವರ ಹೆಸರು ಹೇಳಿದರು. "ಅವರ ಹತ್ರ ವಾಟ್ಸಾಪ್ ಗ್ರೂಪ್ ಇತ್ತೇನ್ರೀ?" ಎಂದು ಮೇಷ್ಟ್ರು ಗುಡುಗುತ್ತಾರೆ. ಗುಡುಗಿದ್ದನ್ನು ಯಾರೋ ಚಿತ್ರೀಕರಿಸಿ ಗ್ರೂಪಿಗೆ ಹಾಕುತ್ತಾರೆ. ಅಷ್ಟರಲ್ಲಿ ಇಡ್ಲಿ ಬರುತ್ತದೆ. ಕಳೆದ ಯುಗಾದಿಯ ಹಿಂದಿನ ಭಾನುವಾರದ ಲೆಕ್ಕ ನನ್ನ ಬಳಿ ಇದೆ: ಹೂಳು ಮೂರು ಚೀಲ, ಇಡ್ಲಿ ನಲವತ್ತು, ಫೋಟೋ ಅರವತ್ತೆರಡು.

ಅವರನ್ನು ನೋಡಿ ಪೂರ್ತಿ ನಗಲಾಗದಂತೆ ಮಾಡಿದ್ದು ದಸರಾ ಮುಗಿದ ವಾರದ ಒಂದು ಮಳೆ. ರಾತ್ರಿ ಹನ್ನೊಂದೂವರೆ. ಬನ್ನಿಮಂಟಪ ಮೈದಾನದ ದಸರಾ ಪಂಜಿನ ಕವಾಯತು ಆಗಲೇ ಮುಗಿದಿತ್ತು, ಮೇಷ್ಟ್ರದ್ದು ಶುರು. ಬ್ಯಾಟರಿ ಅವರ ಕೈಲಿ, ಛತ್ರಿ ನನ್ನ ಕೈಲಿ. ಕಾಲುವೆಯ ನೀರು ಮೇಲೇರಿ ಬೀದಿಗೆ ಬಂದಿತ್ತು. ಜೇಬಿನಿಂದ ಒಂದು ತೆಂಗಿನ ಚಿಪ್ಪು ತೆಗೆದು ತೇಲಿಬಿಟ್ಟರು. ಅದು ಬುಗುರಿಯ ಹಾಗೆ ತಿರುಗುತ್ತ ಸೇತುವೆಯವರೆಗೆ ಹೋಗಿ, ಅಲ್ಲೇ ನಿಂತುಕೊಂಡಿತು.

"ಏನೋ ಅಡ್ಡ ಇದೆ" ಎಂದವರೇ ಬ್ಯಾಟರಿ ನನಗೆ ಕೊಟ್ಟು ಇಳಿದುಬಿಟ್ಟರು. ಎಪ್ಪತ್ತರ ಹತ್ತಿರದ ಮನುಷ್ಯ, ತೊಡೆಮಟ್ಟದ ನೀರು. ಗಂಬೂಟಿನೊಳಗೆ ನೀರು ಗುಳುಗುಳು ಎನ್ನುವುದು ನನಗೆ ಕೇಳುತ್ತಿತ್ತು. ಬಗ್ಗಿ ಕೈ ಹಾಕಿ ಎಳೆದರು, ಬರಲಿಲ್ಲ. ಮತ್ತೆ ಎಳೆದರು. ಎರಡಾಳುದ್ದದ ಫ್ಲೆಕ್ಸೊಂದು ಈಚಲ ಗರಿ, ಹಾಲಿನ ಕವರುಗಳ ಸಮೇತ ಈಚೆ ಬಂತು. ಬ್ಯಾಟರಿ ಬಿಟ್ಟೆ. 'ಜಲಮೂಲ ಉಳಿಸಿ' ಎಂದಿತ್ತು. ಮೂಲೆಯಲ್ಲಿ ಕೈ ಮುಗಿದು ನಗುತ್ತಿದ್ದವರು ಮೇಷ್ಟ್ರೇ.

ಚಿಪ್ಪು ಸೇತುವೆ ದಾಟಿ ಕೆಸರೆ ಕಡೆ ಓಡಿತು. ಮೇಷ್ಟ್ರು ಫ್ಲೆಕ್ಸನ್ನು ನಾಲ್ಕು ಮಡಿಕೆ ಮಾಡಿ ಕಂಕುಳಿಗೆ ಸೇರಿಸಿಕೊಂಡು, ಅವರ ಆಯುಷ್ಯದಲ್ಲೇ ಮೊದಲ ಬಾರಿಗೆ ಏನೂ ಹೇಳದೆ ಮನೆಗೆ ನಡೆದರು.

ಭಾನುವಾರ ಆರಕ್ಕೆ ಚಿಲಕ ಅಲ್ಲಾಡಿತು. ಹೆಗಲು ಖಾಲಿ. "ಗ್ರೂಪಲ್ಲಿ ಹಾಕಿಲ್ಲ ತಾನೆ?" ಅಂದರು.