ಮಜ್ಜಿಗೆಗೆ ಬಂದವನ ಬೆನ್ನ ಹಿಂದೆ

ಆ ಭಾನುವಾರ ಬೆಳಗ್ಗೆ ಹತ್ತು ಗಂಟೆಯಿಂದ ಹನ್ನೊಂದರವರೆಗೆ ನಾನು ಮಹಾತ್ಯಾಗಿಯಾಗಿದ್ದೆ. ನಮ್ಮ ಬಡಾವಣೆಯ ವಾಚನಾಲಯದಲ್ಲಿ ಡಿ.ವಿ.ಜಿ.ಯವರ ಕಗ್ಗದ ಮೇಲೆ ನನ್ನ ಉಪನ್ಯಾಸ. ವಿಷಯ, ಬಿಟ್ಟುಕೊಡುವುದು. ಸಭಿಕರು ಹನ್ನೊಂದು ಮಂದಿ; ನಾಲ್ವರು ಉಪ್ಪಿಟ್ಟಿಗೆ ಬಂದವರು, ಇಬ್ಬರು ಫ್ಯಾನಿಗೆ. ಉಳಿದವರಲ್ಲಿ ಒಬ್ಬ ಹಿರಿಯರು ಮುಂದಿನ ಸಾಲಿನಲ್ಲಿ ಕೂತು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ಭಾಷಣಕಾರನಿಗೆ ಬರೆದುಕೊಳ್ಳುವವರೊಬ್ಬರು ಸಿಕ್ಕರೆ ಮುಗಿಯಿತು, ಅವನನ್ನು ಹಿಡಿಯುವವರಿಲ್ಲ. 1943ರಲ್ಲಿ ಪ್ರಕಟವಾದ ‘ಮಂಕುತಿಮ್ಮನ ಕಗ್ಗ’ದಲ್ಲಿ 945 ಪದ್ಯಗಳಿವೆ ಎಂದೆ, ಅಷ್ಟನ್ನೂ ಮೂರು ಸಲ ಓದಿದ್ದೇನೆ ಎಂಬುದನ್ನು ಯಾರೂ ಕೇಳದೆಯೇ ಸೇರಿಸಿದೆ. 1970ರಲ್ಲಿ ನಾಡು ಸನ್ಮಾನಿಸಿ ಒಪ್ಪಿಸಿದ ಹಣವನ್ನೆಲ್ಲ ಡಿ.ವಿ.ಜಿ. ಬಸವನಗುಡಿಯ ಗೋಖಲೆ ಸಂಸ್ಥೆಗೆ ಕೊಟ್ಟುಬಿಟ್ಟರು ಎನ್ನುವಾಗ ನನ್ನ ಗಂಟಲು ಕಟ್ಟಿತು. ಕೇಳಿದವರಿಗೆ ಆ ದುಡ್ಡು ನನ್ನ ಜೇಬಿನಿಂದಲೇ ಹೋಯಿತು ಅನ್ನಿಸಿರಬೇಕು.

ಮಧ್ಯಾಹ್ನ ಒಂದು ಮದುವೆಯ ಊಟ. ಅಕ್ಷತೆ ಹಾಕಿ, ಲಕೋಟೆ ಕೊಟ್ಟು, ಫೋಟೊಗೆ ಹಲ್ಲು ಕಿರಿದು ಕೆಳಗಿಳಿದೆ. ಲಕೋಟೆಯಲ್ಲಿ 501 ರೂಪಾಯಿ. ನಮ್ಮ ಮಗಳ ಮದುವೆಗೆ ಅವರು ಓದಿಸಿದ್ದೂ ಅಷ್ಟೇ. ಮುಯ್ಯಿಯ ಲೆಕ್ಕದಲ್ಲಿ ವೈರಾಗ್ಯ ತರಬಾರದು.

ಅಷ್ಟರಲ್ಲಿ ಊಟದ ಹಾಲಿನ ಬಾಗಿಲು ತೆರೆಯಿತು. ಧಾರೆಯ ಹೊತ್ತಿನಲ್ಲಿ ಮಂಡಿನೋವೆಂದು ಏಳಲಾರದೆ ಕೂತಿದ್ದವರೆಲ್ಲ ಓಡಿದ ಓಟವನ್ನು ನೀವು ನೋಡಬೇಕಿತ್ತು. ನಾನು ಓಡಲಿಲ್ಲ, ಸಭ್ಯನಂತೆ ಬಿರುಸಾಗಿ ನಡೆದೆ. ಹೀಗಾಗಿ ಮೊದಲ ಪಂಕ್ತಿ ತಪ್ಪಿತು.

ಎರಡನೇ ಪಂಕ್ತಿಗೆ ಜಾಗ ಹಿಡಿಯುವುದು ಒಂದು ಶಾಸ್ತ್ರ. ಉಣ್ಣುವವನ ಬೆನ್ನಿಗೆ ಅಂಟಿಕೊಂಡು ನಿಲ್ಲಬೇಕು, ನಿಂತದ್ದು ಅವನಿಗಾಗಿ ಅಲ್ಲ ಎಂಬಂತೆ ಸೀಲಿಂಗಿನ ಕಡೆ ನೋಡಬೇಕು. ಹುಳಿಯನ್ನದವನ ಹಿಂದೆ ನಿಂತವನು ಕೆಟ್ಟ. ಮಜ್ಜಿಗೆಗೆ ಬಂದವನನ್ನೇ ಹುಡುಕಬೇಕು. ಎಲೆ ನೋಡಬೇಕು, ಮುಖ ನೋಡಕೂಡದು. ಮುಖ ನೋಡಿದರೆ ಅವನೂ ಮನುಷ್ಯ ಅನ್ನಿಸಿಬಿಡುತ್ತದೆ.

ನಾನು ಮಜ್ಜಿಗೆ ಕಲಸುತ್ತಿದ್ದ ಒಂದು ಸಣಕಲು ಬೆನ್ನನ್ನು ಆರಿಸಿಕೊಂಡೆ. ಲೆಕ್ಕದ ಪ್ರಕಾರ ಎರಡು ನಿಮಿಷದ ಗಿರಾಕಿ. ಆದರೆ ಆ ಬೆನ್ನು ಮಜ್ಜಿಗೆ ಮುಗಿಸಿ, ಹೋಗುತ್ತಿದ್ದ ಬಡಿಸುವವನನ್ನು ಕರೆದು ಇನ್ನೊಂದು ಒಬ್ಬಟ್ಟು ಹಾಕಿಸಿಕೊಂಡಿತು, ಮೇಲೆ ತುಪ್ಪ. ಮಜ್ಜಿಗೆಯಾದ ಮೇಲೆ ಒಬ್ಬಟ್ಟು! ಇದು ಯಾವ ಸಂಪ್ರದಾಯ? ಆಚೆ ಸಾಲಿನ ಎಲೆಗಳು ಎದ್ದು ಹೊಸಬರು ಕೂತರು. ಈ ಬೆನ್ನಿನ ದವಡೆ ಮಾತ್ರ ಎತ್ತಿನ ಗಾಣದಂತೆ ನಿಧಾನಕ್ಕೆ ತಿರುಗುತ್ತಿತ್ತು. ನಾನು ಸಣ್ಣಗೆ ಕೆಮ್ಮಿದೆ. ಬಳಿಕ ದೊಡ್ಡದಾಗಿ ಕೆಮ್ಮಿದೆ. ಕೊನೆಗೆ ಅದರ ಕಿವಿಗೆ ಬೀಳುವಂತೆ, ‘ಕೆಲವರಿಗೆ ಮನೆಯಲ್ಲಿ ಹಾಕುವುದಿಲ್ಲವೇನೋ’ ಎಂದು ಕಂಬಕ್ಕೆ ಹೇಳಿದೆ.

ಬೆನ್ನು ತಿರುಗಿತು. ನೋಟ್‌ಬುಕ್ಕಿನ ಹಿರಿಯರು.

‘ಅಯ್ಯೋ, ಸಾರ್ ತಾವಾ! ಹಲ್ಲಿನ ಸೆಟ್ಟು ಹೊಸದು, ಸ್ವಲ್ಪ ತಡವಾಯಿತು. ಬನ್ನಿ, ಕೂತುಕೊಳ್ಳಿ’ ಎಂದು ಅರ್ಧ ಒಬ್ಬಟ್ಟನ್ನು ಎಲೆಯಲ್ಲೇ ಬಿಟ್ಟು ಎದ್ದರು. ‘ಬೆಳಗ್ಗೆ ತಾವು ಹೇಳಿದ್ದು ತುಂಬಾ ಮನಸ್ಸಿಗೆ ನಾಟಿತು.’

‘ಛೆ ಛೆ, ನೀವು ನಿಧಾನಕ್ಕೆ ಊಟ ಮಾಡಿ’ ಎಂದು ನನ್ನ ಬಾಯಿ ಹೇಳಿತು. ಅಷ್ಟರಲ್ಲಿ ಕೈ ಕುರ್ಚಿ ಎಳೆದಾಗಿತ್ತು.

ಕೂತ ತಕ್ಷಣ ಲೋಕವೇ ಬದಲಾಯಿತು. ಊಟವನ್ನು ಅವಸರದಲ್ಲಿ ಮಾಡಬಾರದು, ಅಗಿದು ಉಣ್ಣಬೇಕು ಎಂಬ ಆರೋಗ್ಯಸೂತ್ರ ನೆನಪಾಯಿತು. ಬಡಿಸುವವರು ಯಾಕೆ ಇಷ್ಟು ಓಡುತ್ತಾರೆ ಅನ್ನಿಸಿತು. ಹಿಂದೆ ಯಾರದೋ ಉಸಿರು ಕತ್ತಿಗೆ ತಾಕಿತು. ಒಬ್ಬ ತಾಯಿ, ಜೊತೆಗೆ ಐದಾರು ವರ್ಷದ ಹುಡುಗ. ಎಂಥ ಅಸಭ್ಯ ಜನ, ಉಣ್ಣುವವರ ಎಲೆ ಇಣುಕುತ್ತಾರಲ್ಲ! ನಿಂತವರ ಪಕ್ಷದಿಂದ ಕೂತವರ ಪಕ್ಷಕ್ಕೆ ಬರಲು ನನಗೆ ಅರ್ಧ ನಿಮಿಷವೂ ಹಿಡಿದಿರಲಿಲ್ಲ. ಪಕ್ಷಾಂತರ ನಿಷೇಧ ಕಾನೂನು 1985ರಿಂದ ಇದೆ. ಊಟದ ಹಾಲಿಗೆ ಅದು ಅನ್ವಯಿಸುವುದಿಲ್ಲ.

‘ಅಮ್ಮಾ, ಈ ತಾತ ಇನ್ನೂ ಸಾರಲ್ಲೇ ಇದ್ದಾರೆ’ ಎಂದ ಹುಡುಗ.

ಆ ಮಾತಿಗೆ ಬೇರೆಯವರಾದರೆ ಬೇಗ ಎದ್ದಿರುತ್ತಿದ್ದರು. ನಾನು ಹಟಕ್ಕೆ ಇನ್ನೊಮ್ಮೆ ಸಾರು ಹಾಕಿಸಿಕೊಂಡೆ. ಮಜ್ಜಿಗೆಯಾದ ಮೇಲೆ ಒಂದು ಒಬ್ಬಟ್ಟನ್ನೂ.

ಕೈ ತೊಳೆದು, ಬೀಡಾ ಜಗಿಯುತ್ತ ಹೊರಬಂದರೆ ಬಾಗಿಲಲ್ಲೇ ಹಿರಿಯರು ಕಾಯುತ್ತಿದ್ದಾರೆ. ನೋಟ್‌ಬುಕ್ಕು ತೆರೆದಿದೆ, ಪೆನ್ನಿನ ಮುಚ್ಚಳ ಬಿಚ್ಚಿದೆ. ‘ಒಂದು ಬಿಟ್ಟುಹೋಗಿದೆ ಸಾರ್. ಡಿ.ವಿ.ಜಿ. ಆ ಸನ್ಮಾನದ ಹಣ ಬಿಟ್ಟುಕೊಟ್ಟದ್ದು ಯಾವ ಇಸವಿ ಅಂದಿರಿ?’

ಬಾಯಿ ತುಂಬ ಬೀಡಾ. ಬೆರಳಲ್ಲಿ ತೋರಿಸೋಣವೆಂದರೆ ಎರಡು ಕೈಯಲ್ಲೂ ತೆಂಗಿನಕಾಯಿಯ ತಾಂಬೂಲದ ಚೀಲ. ಒಂದು ನನ್ನದು, ಇನ್ನೊಂದು ಮದುವೆಗೆ ಬಾರದೆ ಮನೆಯಲ್ಲಿದ್ದ ನನ್ನ ಹೆಂಡತಿಯದು. ಒಂದನ್ನಾದರೂ ಕೆಳಗಿಡಬಹುದಿತ್ತು. ಆದರೆ ಸುತ್ತ ಅಷ್ಟು ಜನ ಓಡಾಡುತ್ತಿದ್ದರು, ಯಾರನ್ನು ನಂಬುವುದು?