ಕೋಡುಬಳೆಗೆ ಜಂತುಹುಳದ ಮಾತ್ರೆ

ನಮ್ಮ ನಾಯಿಯ ಹೆಸರು ಕೋಡುಬಳೆ. ಹುಟ್ಟಾ ಸುರುಳಿ ಬಾಲ. ಮನೆಗೆ ತಂದ ದಿನ ಮಗಳು ‘ಡೋನಟ್’ ಅಂತ ಕರೆಯೋಣ ಅಂದಳು. ಮೈಸೂರಿನಿಂದ ವಿಡಿಯೋ ಕಾಲಿನಲ್ಲಿ ನೋಡುತ್ತಿದ್ದ ಅಮ್ಮ, “ಈಗಷ್ಟೇ ಬಾಣಲೆಯಿಂದ ತೆಗೆದ ಕೋಡುಬಳೆ ಇದ್ದ ಹಾಗಿದೆಯಲ್ಲೋ” ಅಂದಳು. ಅಲ್ಲಿಗೆ ನಾಮಕರಣ ಮುಗಿಯಿತು.

ಇಂಗ್ಲೆಂಡಿನ ರೆಡಿಂಗಿನಲ್ಲಿರುವ ನಮ್ಮ ಮನೆಯಲ್ಲಿ ಬೆರಕೆಯಿಲ್ಲದ ಕನ್ನಡ ನಡೆಯುವುದು ಕೋಡುಬಳೆಯ ಜೊತೆ ಮಾತ್ರ. ನಾನೂ ಹೆಂಡತಿಯೂ ಆಡುವುದು ಅರ್ಧಂಬರ್ಧ. ಮಗಳಿಗೆ ಹದಿಮೂರು, ಕನ್ನಡದಲ್ಲಿ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಕೋಡುಬಳೆ ಹಾಗಲ್ಲ. ‘ಸಿಟ್’ ಅಂದರೆ ಸೂರು ನೋಡುತ್ತದೆ, ‘ಕೂತ್ಕೋ’ ಅಂದರೆ ಕೂರುತ್ತದೆ. ಪಾರ್ಕಿನಲ್ಲಿ ಇಂಗ್ಲಿಷ್ ನಾಯಿಗಳ ಮಧ್ಯೆ ನಿಂತು ನಾನು ‘ಬಾರೋ ಇಲ್ಲಿ’ ಅಂತ ಕೂಗಿ, ಅದು ಓಡಿ ಬಂದಾಗ, ರಾಜ್ಯೋತ್ಸವದ ಸಭೆಯಲ್ಲಿ ಶಾಲು ಹೊದಿಸಿಕೊಂಡಷ್ಟು ತೃಪ್ತಿ ನನಗೆ.

ಹೋದ ಜೂನಿನಲ್ಲಿ ಅಮ್ಮ ಬಂದಿದ್ದಾಗ ಶುಕ್ರವಾರ ಹೋಗಿ ಭಾನುವಾರ ಬರುವ ಹಾಗೆ ಫ್ರಾನ್ಸಿನ ಹಳ್ಳಿ ಕಡೆ ಹೋಗೋಣ ಅಂದುಕೊಂಡೆವು. ಅಮ್ಮನ ವೀಸಾ ಬೆಂಗಳೂರಿನಲ್ಲೇ ಆಗಿತ್ತು. ಫೋಟೋ, ಪಿಂಚಣಿ ಪತ್ರ, ಬ್ಯಾಂಕಿನ ಪಾಸ್‌ಬುಕ್ಕು, ತಂಗುವ ಜಾಗದ ಬುಕಿಂಗು, 30,000 ಯೂರೋ ಮೊತ್ತದ ವಿಮೆ, ಹತ್ತು ಬೆರಳಿನ ಗುರುತು. ಐವತ್ತು ವರ್ಷ ಒರಳಿನಲ್ಲಿ ರುಬ್ಬಿದ ಬೆರಳು. ಯಂತ್ರಕ್ಕೆ ಗೆರೆಯೇ ಸಿಗದೆ ಮೂರು ಸಲ ಒತ್ತಿಸಿದರಂತೆ.

ನಾಯಿಗೆ ವೀಸಾ ಇಲ್ಲವಲ್ಲ ಅಂತ ನಾನು ಹಗುರಾಗಿದ್ದೆ. ಬ್ರೆಕ್ಸಿಟ್ ಆದಮೇಲೆ ನಾಯಿಗೂ ಪತ್ರ ಬೇಕು. ಕುತ್ತಿಗೆಯ ಚರ್ಮದಡಿ 15 ಅಂಕಿಯ ಮೈಕ್ರೋಚಿಪ್. ಹುಚ್ಚುನಾಯಿ ರೋಗದ ಚುಚ್ಚುಮದ್ದು. ಮೊದಲ ಸಲ ಚುಚ್ಚಿಸಿದರೆ 21 ದಿನ ಕಾಯಬೇಕು. ಆಮೇಲೆ ಹೊರಡುವ ಮುಂಚಿನ ಹತ್ತು ದಿನದೊಳಗೆ ಪಶುವೈದ್ಯರು ಕೊಡುವ ಆರೋಗ್ಯ ಪತ್ರ, ಇಂಗ್ಲಿಷಿನಲ್ಲೂ ಫ್ರೆಂಚಿನಲ್ಲೂ, ಪುಟಪುಟಕ್ಕೂ ಮೊಹರು. ಕಂತೆ ನೋಡಿದ ಅಮ್ಮ, “ಇದು ನಮ್ಮ ಮನೆಯ ಕ್ರಯಪತ್ರಕ್ಕಿಂತ ದಪ್ಪ ಇದೆ” ಅಂದಳು.

ಹೊರಡುವ ದಿನ ಬೆಳಗಿನ ಐದಕ್ಕೆ ಅಡುಗೆಮನೆಯಿಂದ ಒಗ್ಗರಣೆ ಸದ್ದು. ಹೋಗಿ ನೋಡಿದರೆ ಸ್ಟೀಲ್ ಡಬ್ಬಿ ತುಂಬ ಮೊಸರನ್ನ, ಪಕ್ಕದಲ್ಲಿ ತುಪ್ಪದ ಬಾಟಲಿ. ನಾನು ತಲೆ ಮೇಲೆ ಕೈಹೊತ್ತೆ. ಬ್ರಿಟನ್ನಿನಿಂದ ಯುರೋಪಿಗೆ ಹಾಲಿನ ಪದಾರ್ಥ ಒಯ್ಯುವಂತಿಲ್ಲ, ಮಾಂಸವೂ ಇಲ್ಲ. ಮಾಂಸ ಹಾಕಿ ಮಾಡಿದ ನಾಯಿ ಊಟವೂ ಇಲ್ಲ. ಅಂದರೆ ಅಮ್ಮ ಬರಬಹುದು, ಅಮ್ಮನ ಮೊಸರನ್ನ ಬರುವಂತಿಲ್ಲ. ಕೋಡುಬಳೆ ಬರಬಹುದು, ಕೋಡುಬಳೆಯ ಊಟ ಬರುವಂತಿಲ್ಲ. ಅಮ್ಮ ಕಾನೂನನ್ನು ಐದು ನಿಮಿಷ ಬೈದು, ಅದರಲ್ಲಿ ತೂತು ಹುಡುಕಿದಳು. ಪುಳಿಯೋಗರೆಯಲ್ಲಿ ಹಾಲೂ ಇಲ್ಲ, ಮಾಂಸವೂ ಇಲ್ಲ. ಕೋಡುಬಳೆಗೆ ಎಣ್ಣೆ ಸವರಿದ ಚಪಾತಿ. ಮೊಸರನ್ನವನ್ನು ನಾನು ನಿಂತುಕೊಂಡೇ ಮುಗಿಸಿದೆ.

ಫೋಕ್‌ಸ್ಟನ್ನಿನಲ್ಲಿ ಕಾರು ಸಮೇತ ರೈಲು ಹತ್ತಬೇಕು. 1994ರಲ್ಲಿ ತೆರೆದ ಸುರಂಗ. 50 ಕಿಲೋಮೀಟರ್ ಉದ್ದ, ಅದರಲ್ಲಿ 38 ಸಮುದ್ರದಡಿ. ನಾಯಿ ಕಾರಿನಲ್ಲೇ ಕೂತಿರಬಹುದು. “ಸಮುದ್ರ ಯಾವ ಕಡೆ ಬರುತ್ತೋ?” ಅಂತ ಅಮ್ಮ ಕಿಟಕಿಗೆ ಮುಖ ಇಟ್ಟಳು. “ನಮ್ಮ ತಲೆ ಮೇಲಿದೆ ಅಮ್ಮ” ಅಂದೆ. ಅಮ್ಮ ಕೋಡುಬಳೆಯ ಪಟ್ಟಿ ಹಿಡಿದುಕೊಂಡು, “ಹನುಮಂತ ಮೇಲಿಂದ ಹಾರಿದ, ನೀನು ಅಡಿಯಿಂದ ನುಗ್ಗಿಸ್ತೀಯ” ಅಂದು ಕಣ್ಣು ಮುಚ್ಚಿದವಳು, 35 ನಿಮಿಷದ ನಂತರ ಕ್ಯಾಲೆಯಲ್ಲೇ ಬಿಟ್ಟದ್ದು.

ಫ್ರಾನ್ಸಿನಲ್ಲಿ ರಸ್ತೆಯ ಬಲಕ್ಕೆ ಓಡಿಸಬೇಕು. ನಮ್ಮ ಕಾರಿನ ಸ್ಟೀರಿಂಗೂ ಬಲಕ್ಕೇ. ಹಾಗಾಗಿ ಎದುರಿನ ಲಾರಿಗಳು ಸವರಿಕೊಂಡು ಹೋಗುವುದು ಎಡಗಡೆ ಕೂತ ಹೆಂಡತಿಯ ಮೂಗಿನ ಮುಂದೆ. ಹಳ್ಳಿಗಳ ಒಳಗೆ ಇನ್ನೊಂದು ನಿಯಮ: ಫಲಕ ಇಲ್ಲದ ಕಡೆ ಬಲಗಡೆಯ ಸಂದಿಯಿಂದ ಬಂದವನಿಗೇ ಮೊದಲ ದಾರಿ. ಸೈಕಲ್ಲಿನ ಅಜ್ಜನಾದರೂ ಸರಿ, ಟ್ರ್ಯಾಕ್ಟರಾದರೂ ಸರಿ. “ರೀ ಬಲಕ್ಕೆ ನೋಡ್ರೀ” ಅಂತ ಹೆಂಡತಿ ಅವತ್ತು ಎಷ್ಟು ಸಲ ಅಂದಳೋ, ಮದುವೆಯಾದಾಗಿನಿಂದ ಅಷ್ಟು ಸಲ ನನ್ನನ್ನು ಯಾವ ಕಡೆಗೂ ನೋಡಲು ಬಿಟ್ಟಿರಲಿಲ್ಲ.

ನಾವು ಹೋದದ್ದು ಮೊಂತ್ರಯ್-ಸೂರ್-ಮೇರ್ ಎಂಬ ಕೋಟೆಯೂರಿನ ಹತ್ತಿರದ ಹಳ್ಳಿಗೆ. ಹೆಸರಿನ ಅರ್ಥ ‘ಸಮುದ್ರದ ದಡದ ಮೊಂತ್ರಯ್’. ಮಗಳು ಈಜುಬಟ್ಟೆ ತಂದಿದ್ದಳು. ಊರೆಲ್ಲ ಸುತ್ತಿದರೂ ಸಮುದ್ರವಿಲ್ಲ. ಒಂದು ಕಾಲಕ್ಕೆ ಇದು ಬಂದರಂತೆ. ಕಾಂಶ್ ನದಿಯಲ್ಲಿ ಹೂಳು ತುಂಬಿ ಸಮುದ್ರ ದೂರ ಸರಿಯಿತು, ಹೆಸರು ಉಳಿಯಿತು. ಮಗಳು ಇದು ಮೋಸ ಅಂದಳು. ನನಗೆ ಹಾಗನ್ನಿಸಲಿಲ್ಲ. ಬೆಂಗಳೂರಿನ ಮೆಜೆಸ್ಟಿಕ್ಕಿನಲ್ಲಿ, ಬತ್ತಿಹೋದ ಧರ್ಮಾಂಬುಧಿ ಕೆರೆಯಂಗಳದಲ್ಲಿ ನಿಂತು ಬಸ್ಸು ಹಿಡಿದವನು ನಾನು.

ಉಳಿದದ್ದು ಹಳ್ಳಿಯ ಒಂದು ಬಾಡಿಗೆ ಮನೆಯಲ್ಲಿ. ಯಜಮಾನಿಗೆ ಎಪ್ಪತ್ತರ ಮೇಲೆ. ಕಾರಿನಿಂದ ಇಳಿದವರಲ್ಲಿ ಮೊದಲ ‘ಬೊಂಜೂರ್’ ಸಿಕ್ಕಿದ್ದು ಕೋಡುಬಳೆಗೆ. ಅದಕ್ಕೊಂದು ಹಾಸಿಗೆ, ಒಂದು ಬಟ್ಟಲು ನೀರು, ಒಂದು ತಟ್ಟೆ ಬಿಸ್ಕತ್ತು. ಆಮೇಲೆ ನಮಗೆ ಬೀಗದ ಕೈ. ಆಕೆ ಬಿಸ್ಕತ್ತು ಎತ್ತಿ ಹಿಡಿದು “ಅಸ್ಸಿ” ಅಂದರು. ನಮ್ಮ ಕೋಡುಬಳೆ, ಇಂಗ್ಲಿಷಿಗೆ ಜಗ್ಗದ ಕೋಡುಬಳೆ, ಪಟಕ್ಕನೆ ಕೂತುಬಿಟ್ಟಿತು.

ಮಗಳು ಚಪ್ಪಾಳೆ ತಟ್ಟಿದಳು. ಅಮ್ಮನ ಮುಖ ಸಣ್ಣದಾಯಿತು. “ಒಂದು ಬಿಸ್ಕತ್ತಿಗೆ ಭಾಷೆ ಬದಲಾಯಿಸಿಬಿಟ್ಟೆಯೇನೋ?” ಅಂತ ಅದನ್ನು ಕೇಳಿದಳು. ಪ್ರಶ್ನೆ ನಾಯಿಗೆ, ನೋಟ ನನ್ನ ಕಡೆಗೆ. ನಾನು ಸೂಟ್‌ಕೇಸ್ ಇಳಿಸುವ ನೆಪದಲ್ಲಿ ಕಾರಿನ ಹಿಂದೆ ಹೋದೆ.

ಶನಿವಾರದ ಮುಖ್ಯ ಕಾರ್ಯಕ್ರಮ ಕೋಟೆಯಲ್ಲ, ಸಂತೆಯಲ್ಲ, ಪಶುವೈದ್ಯರು. ಯುರೋಪಿನ ನರಿಗಳಲ್ಲಿ ಒಂದು ಜಾತಿಯ ಲಾಡಿಹುಳು ಇದೆ. ನಾಯಿಯ ಮೂಲಕ ಮನುಷ್ಯರಿಗೂ ಬರಬಲ್ಲದು. ಬ್ರಿಟನ್ನಿನಲ್ಲಿ ಅದು ಇಲ್ಲ. ಅದಕ್ಕೇ ವಾಪಸು ಬರುವ ನಾಯಿಗೆ ವೈದ್ಯರ ಕೈಯಲ್ಲೇ ಮಾತ್ರೆ ನುಂಗಿಸಿ, ದಿನ ಗಂಟೆ ಸಮೇತ ಬರೆಸಿಕೊಳ್ಳಬೇಕು. ನುಂಗಿ 24 ಗಂಟೆಯಾಗಿರಬೇಕು, 120 ಗಂಟೆ ದಾಟಿರಬಾರದು. ಇದನ್ನೆಲ್ಲ ಬಿಡಿಸಿ ಹೇಳಿದಾಗ ಅಮ್ಮ ಒಂದೇ ಮಾತು ಕೇಳಿದಳು: “ಜಂತುಹುಳದ ಮಾತ್ರೆಗೆ ಫ್ರಾನ್ಸಿನ ತನಕ ಬರಬೇಕಿತ್ತೇನೋ?”

ಹತ್ತೂಕಾಲಕ್ಕೆ ಹೋದೆವು. ಶಾಲೆಯಲ್ಲಿ ಫ್ರೆಂಚ್ ಕಲಿಯುವ ಮಗಳೇ ನಮ್ಮ ದುಭಾಷಿ. ತನ್ನ ಪೆನ್ಸಿಲ್ ಡಬ್ಬಿಯಲ್ಲಿ ಏನೇನಿದೆ ಅಂತ ಅವಳು ನಿರರ್ಗಳವಾಗಿ ಹೇಳಬಲ್ಲಳು. ನಾಯಿಯ ಹೊಟ್ಟೆಯಲ್ಲಿ ಏನಿರಬಾರದು ಅನ್ನುವ ಪಾಠ ಇನ್ನೂ ಆಗಿರಲಿಲ್ಲ. ಫ್ರೆಂಚಿನಲ್ಲಿ ಹುಳಕ್ಕೆ ‘ವೆರ್’. ಗಾಜಿನ ಲೋಟಕ್ಕೂ ‘ವೆರ್’. ಹಸಿರಿಗೂ ‘ವೆರ್’. ಬರೆಯುವುದು ಬೇರೆಬೇರೆ, ಕೇಳುವುದು ಒಂದೇ. ಕೌಂಟರಿನ ಹುಡುಗಿ ಒಳಗೆ ಹೋಗಿ ಒಂದು ಲೋಟ ನೀರು ತಂದುಕೊಟ್ಟಳು. ಅಮ್ಮ ಗಟಗಟ ಕುಡಿದು, “ಒಳ್ಳೇ ಜನ” ಅಂದಳು.

ಆಮೇಲೆ ಹೆಸರಿನ ಸರದಿ. ಫ್ರಾನ್ಸಿನಲ್ಲಿ ಜಾತಿನಾಯಿಗಳಿಗೆ ವರ್ಷಕ್ಕೊಂದು ಅಕ್ಷರ ಗೊತ್ತು ಮಾಡಿರುತ್ತಾರೆ. ಆ ವರ್ಷ ಹುಟ್ಟಿದ ಮರಿಗೆ ಆ ಅಕ್ಷರದಿಂದ ಶುರುವಾಗುವ ಹೆಸರು. 2024ಕ್ಕೆ ವಿ, 2025ಕ್ಕೆ ಎ. ಹೆಸರು ಸಿಗುವುದು ಕಷ್ಟ ಅಂತ ಕೆಲವು ಅಕ್ಷರ ಕೈಬಿಟ್ಟಿದ್ದಾರೆ. ಅದರಲ್ಲಿ ಕೆ ಕೂಡ ಒಂದು. ಪತ್ರದ ಮೇಲಿನ ಕೆ ನೋಡಿ ಹುಡುಗಿ ನಕ್ಕಳು. ‘ಕೊದ್ಯುಬಾಲ್’ ಅಂತ ಕರೆದಳು. ನಾಮಕರಣದಲ್ಲಿ ಜನ್ಮನಕ್ಷತ್ರಕ್ಕೆ ಅಕ್ಷರ ಹುಡುಕುವ ಅಮ್ಮನಿಗೆ ಈ ಪದ್ಧತಿ ಪೂರ್ತಿ ಒಪ್ಪಿಗೆಯಾಯಿತು. ಆದರೆ ಕ ಅಕ್ಷರ ಬಿಟ್ಟಿದ್ದಕ್ಕೆ ಆಕ್ಷೇಪ. “ಕ ಇಲ್ಲದೆ ಏನು ಹೆಸರಿಡ್ತಾರೆ? ಕಾವೇರಿ ಇಲ್ಲ, ಕೃಷ್ಣ ಇಲ್ಲ!”

ಡಾಕ್ಟರಮ್ಮ ಬಂದರು. ಮಾತ್ರೆಯನ್ನು ಚೀಸಿನಲ್ಲಿ ಹುದುಗಿಸಿ ಕೊಟ್ಟರು. ಕೋಡುಬಳೆ ಚೀಸು ತಿಂದು, ಮಾತ್ರೆಯನ್ನು ಒರೆಸಿಟ್ಟ ಹಾಗೆ ನೆಲದ ಮೇಲೆ ಇಟ್ಟಿತು. ಬೇರೆ ಚೀಸು. ಮತ್ತೆ ಅದೇ. ಫ್ರಾನ್ಸಿನಲ್ಲಿ ಚೀಸಿಗೆ ಬರವೇ? ಮೂರನೆಯದಕ್ಕೆ ಕೋಡುಬಳೆಯ ಬಾಲ ಇನ್ನೊಂದು ಸುತ್ತು ಸುತ್ತಿಕೊಂಡಿತು. ಡಾಕ್ಟರಮ್ಮ “ಅಸ್ಸಿ” ಅಂದರು. ಕೈಯಲ್ಲಿ ಬಿಸ್ಕತ್ತಿಲ್ಲ, ಕೂರಲಿಲ್ಲ. ಅಷ್ಟರಲ್ಲಿ ಕಾಲು ಮುರಿದ ಬೆಕ್ಕೊಂದು ಬಂತು, ಅವರು ಅದರ ಹಿಂದೆ ಹೋದರು. ಹನ್ನೊಂದೂವರೆಯಾಯಿತು. ಹನ್ನೆರಡಕ್ಕೆ ಬಾಗಿಲು ಹಾಕುತ್ತಾರೆ; ಆ ದೇಶದಲ್ಲಿ ಊಟದ ಹೊತ್ತಿಗೆ ಬಾಗಿಲು ಹಾಕುವುದೆಂದರೆ ಗ್ರಹಣಕ್ಕೆ ಗುಡಿ ಮುಚ್ಚಿದ ಹಾಗೆ.

ಡಾಕ್ಟರಮ್ಮ ವಾಪಸು ಬಂದಾಗ ಅಮ್ಮ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಂತಿದ್ದಳು. ಸ್ನಾನವಾದ ಮೇಲೆ ಸಂಜೆಯ ತನಕ ಅಮ್ಮ ನಾಯಿ ಮುಟ್ಟುವವಳಲ್ಲ. “ಮಡಿ ಆಮೇಲೆ ನೋಡ್ಕೊಳ್ಳೋಣ” ಅಂದವಳೇ ಕೋಡುಬಳೆಯನ್ನು ಎರಡು ಮಂಡಿಗಳ ಮಧ್ಯೆ ಹಿಡಿದಳು. ನನಗೆ ಮೈ ಜುಮ್ಮೆಂದಿತು. ಆ ಹಿಡಿತ ನನಗೆ ಗೊತ್ತು. ನಮ್ಮ ಬಾಲ್ಯದಲ್ಲಿ ಹೊಟ್ಟೆಹುಳಕ್ಕೆ ಭಾನುವಾರ ಬೆಳಿಗ್ಗೆ ಹರಳೆಣ್ಣೆ ಕುಡಿಸುತ್ತಿದ್ದುದು ಅದೇ ಮಂಡಿಗಳ ಮಧ್ಯೆ. ಗದ್ದ ಎತ್ತಿದಳು. “ಬಾಯಿ ತೆಗಿ ಮಗನೇ.” ಡಾಕ್ಟರಮ್ಮ ಮಾತ್ರೆಯನ್ನು ನಾಲಿಗೆಯ ಬುಡಕ್ಕೆ ತಳ್ಳಿದರು. ಅಮ್ಮ ಬಾಯಿ ಮುಚ್ಚಿಸಿ ಗಂಟಲು ಸವರಿದಳು. ಉಗಿಯಲು ಕೋಡುಬಳೆ ತಲೆ ಕೊಡವುವಷ್ಟರಲ್ಲಿ ಮಗಳು ಕಿರುಚಿದಳು: “ಉಗೀಬೇಡ್ವೋ, ನುಂಗೋ ಕತ್ತೆ!”

ಹದಿಮೂರು ವರ್ಷದಲ್ಲಿ ಅವಳು ಇಂಗ್ಲಿಷ್ ಬೆರೆಸದೆ ಆಡಿದ ಮೊದಲ ವಾಕ್ಯ ಅದು. ಕೋಡುಬಳೆ ನುಂಗಿತು. ಹೆಂಡತಿ ಕಣ್ಣೊರೆಸಿಕೊಂಡಳು. ಡಾಕ್ಟರಮ್ಮ ಅಮ್ಮನ ಕೈ ಕುಲುಕಿ, ಗಡಿಯಾರ ನೋಡಿ ಪತ್ರದಲ್ಲಿ ಗಂಟೆ ಬರೆದು ಮೊಹರು ಒತ್ತಿದರು: 11.55.

ಆ ಗೆಲುವಿನಲ್ಲಿ ಊಟಕ್ಕೆ ಹೋದೆವು. ಮೆನು ಬರುವ ಮೊದಲು ಮೇಜಿನಡಿಗೆ ಕೋಡುಬಳೆಗೆ ನೀರು ಬಂತು. ಅಕ್ಕಪಕ್ಕದ ಮೇಜುಗಳ ಅಡಿಯಲ್ಲೂ ನಾಯಿಗಳು, ಸಭ್ಯವಾಗಿ. ಮೆನುವಿನಲ್ಲಿ ಕಪ್ಪೆಚಿಪ್ಪು, ಬಿಯರಿನಲ್ಲಿ ಬೇಯಿಸಿದ ದನದ ಮಾಂಸ. ಆಲೂಗಡ್ಡೆ ಫ್ರೈಸ್ ಆದರೂ ತಿನ್ನೋಣ ಅಂದರೆ, ಫ್ರಾನ್ಸಿನ ಆ ಉತ್ತರದ ಸೀಮೆಯಲ್ಲಿ ಅದನ್ನು ದನದ ಕೊಬ್ಬಿನಲ್ಲಿ ಕರಿಯುವುದು ಹಳೆಯ ರೂಢಿ. ಇಲ್ಲೂ ಹಾಗೇನಾ ಅಂತ ಕೇಳಿಸಿದೆವು. ಹೌದೆಂದು ಹೆಮ್ಮೆಯಿಂದಲೇ ಹೇಳಿದರು. ಕಾಫಿ ಕುಡಿದು ಎದ್ದೆವು. ಆ ಹೋಟೆಲಿನಲ್ಲಿ ತೃಪ್ತಿಯಾದದ್ದು ಕೋಡುಬಳೆಗೊಂದೇ.

ಕೋಟೆಗೋಡೆಯ ಮೇಲೆ ಊರು ಸುತ್ತ ಮೂರು ಕಿಲೋಮೀಟರ್ ನಡೆಯುವ ದಾರಿ ಇದೆ. ಕೆಳಗೆ ಕಣಿವೆ, ಕೆಂಪು ಹೆಂಚು, ಹಸುಗಳು. ವಿಕ್ಟರ್ ಹ್ಯೂಗೋ ತನ್ನ ಜ್ಯಾಂ ವಾಲ್‌ಜ್ಯಾಂನನ್ನು ಮೇಯರ್ ಮಾಡಿ ಕೂರಿಸಿದ್ದು ಈ ಊರಿನಲ್ಲೇ. ಬ್ರೆಡ್ಡು ಕದ್ದು ಜೈಲಿಗೆ ಹೋದವನ ಕಥೆಯನ್ನು ಹೇಳುತ್ತ, ಬೆಂಚಿನ ಮೇಲೆ ಪುಳಿಯೋಗರೆ ಡಬ್ಬಿ ಬಿಚ್ಚಿದೆವು. ಹಾದುಹೋದವರೆಲ್ಲ “ಬೊನಪೆತೀ” ಅಂದರು. ಉಣ್ಣುವವರನ್ನು ಕಂಡರೆ ಹಾಗನ್ನುವುದು ಅವರ ಪದ್ಧತಿ. ಅಮ್ಮ ಅದನ್ನು ‘ನಮಗೂ ಸ್ವಲ್ಪ ಕೊಡಿ’ ಅಂತ ಅರ್ಥ ಮಾಡಿಕೊಂಡು ಒಂದು ದಂಪತಿಗೆ ಕೈತುತ್ತು ಹಾಕಿಯೇಬಿಟ್ಟಳು. ಇಬ್ಬರೂ ತಿಂದರು. ಆತ ಮೆಣಸಿನಕಾಯಿ ಚೂರನ್ನು ನಾಲಿಗೆಯಿಂದ ತೆಗೆದ ರೀತಿ ಥೇಟ್ ಕೋಡುಬಳೆ ಮಾತ್ರೆ ತೆಗೆದ ಹಾಗೇ ಇತ್ತು.

ಭಾನುವಾರ ಕ್ಯಾಲೆ. ನಮ್ಮ ರೈಲು 10.50ಕ್ಕೆ. ಕೌಂಟರಿನವರು ಪತ್ರ ನೋಡಿ ಬೆರಳು ಮಡಚಿದರು. 11.55ಕ್ಕೆ ಮಾತ್ರೆ, ಈ ರೈಲಿಗೆ ಹೋದರೆ 11.25ಕ್ಕೇ ಇಂಗ್ಲೆಂಡ್ ಮುಟ್ಟುತ್ತೀರಿ. ಅರ್ಧ ಗಂಟೆ ಸಾಲದು, ಮುಂದಿನ ರೈಲು ನೋಡಿ. ಮೂರು ಪಾಸ್‌ಪೋರ್ಟು ಸರಿ, ಅಮ್ಮನ ವೀಸಾ ಸರಿ, ನಾಯಿಯ ಹೊಟ್ಟೆಯೊಳಗಿನ ಗಡಿಯಾರ ಸರಿಯಿಲ್ಲ. ನಾನು ಗೊಣಗಿದೆ. ಅಮ್ಮ ಮಾತ್ರ ನೆಮ್ಮದಿಯಾಗಿ ಸೀಟು ಹಿಂದಕ್ಕೆ ಮಾಡಿಕೊಂಡಳು. “ಅವರಿಗೂ ರಾಹುಕಾಲ ಇದೆ ಅಂತ ಈಗ ಗೊತ್ತಾಯ್ತು. ಕಳೀಲಿ ಬಿಡು.”

ವಾರದ ನಂತರ ಕೋಡುಬಳೆಯನ್ನು ಉಗುರು ಕತ್ತರಿಸಲು ರೆಡಿಂಗಿನ ಆಸ್ಪತ್ರೆಗೆ ಕರೆದೊಯ್ದಾಗ, ಅಲ್ಲಿನ ನರ್ಸಿಗೆ ಈ ಕಥೆಯೆಲ್ಲ ಹೇಳಿದೆ. ಆಕೆ ಪೂರ್ತಿ ಕೇಳಿ, “ಎರಡೇ ದಿನದ ಪ್ರವಾಸ ತಾನೇ? ಹೊರಡುವ ಮುಂಚೆ ಇಲ್ಲೇ ಮಾತ್ರೆ ಹಾಕಿಸಬಹುದಿತ್ತಲ್ಲ, ಐದು ದಿನದೊಳಗೆ ವಾಪಸಾದರೆ ಸಾಕು” ಅಂದಳು.

ಮನೆಗೆ ಬಂದು ಅಮ್ಮನಿಗೆ ಹೇಳಲಿಲ್ಲ. ನೀವೂ ಹೇಳಬೇಡಿ. ಮೈಸೂರಿನ ಚಿಕ್ಕಮ್ಮನಿಗೆ ಅವಳು ಫೋನಿನಲ್ಲಿ ಫ್ರಾನ್ಸಿನ ವರ್ಣನೆ ಕೊಡುವುದು ಇನ್ನೂ ನಡೆದಿದೆ: “ಕೋಟೆ ಇದೆ, ಸಮುದ್ರ ಇಲ್ಲ, ಊಟ ಇಲ್ಲ. ಔಷಧಿ ಕುಡಿಸೋದು ಮಾತ್ರ ಅವರಿಗೆ ಬರಲ್ಲ ಕಣೆ, ನಾನೇ ತೋರಿಸಿಕೊಟ್ಟು ಬಂದೆ.”